ಜಳಕದ ಮಾತು

ನಮ್ಮ ಬಳ್ಳಾರಿಯ ಕಡೆ ಬೆಳಗಿನ ಹೊತ್ತು ಯಾರ ಮನೆಗೆ ಹೋದರೂ ಕಾಫಿಗಿಂತ ಮೊದಲು ಎದುರಾಗುವ ಪ್ರಶ್ನೆ ‘ಜಳಕ ಆಯಿತೇನು?’ ಎಂಬುದು. ಮೈಸೂರಿನ ಕಡೆಯವರು ಸ್ನಾನ ಎನ್ನುತ್ತಾರೆ. ಹಳಗನ್ನಡದ ಕವಿಗಳಿಗೆ ಅದು ಮೀಯುವುದು. ಶರಣರು ತಮ್ಮ ಲಿಂಗಕ್ಕೆ ನೀಡಿದ್ದು ಮಜ್ಜನ. ನನ್ನ ತಾಯಿ ಮಾತ್ರ ಹಬ್ಬದ ದಿನ ‘ಎರಕೊಂಡು ಬಾರೋ’ ಎಂದು ಕೂಗುತ್ತಿದ್ದಳು. ಒಂದೇ ಕೆಲಸಕ್ಕೆ ಇಷ್ಟು ಮಾತುಗಳನ್ನು ಕೂಡಿಟ್ಟುಕೊಂಡ ಜನ ನಾವು. ಮೈಗೆ ನೀರು ಬೀಳದ ದಿನವನ್ನು ದಿನವೆಂದೇ ಎಣಿಸದವರು. ಇಂಥವರ ನಡುವೆ ಒಬ್ಬನಿಗೆ, ಇನ್ನು ಮೇಲೆ ಮೊದಲಿನಂತೆ ಜಳಕ ಮಾಡಬಹುದೋ ಇಲ್ಲವೋ ಎಂಬ ಸಂದೇಹ ಬಂದರೆ ಅವನ ಪಾಡೇನಾದೀತು? ಮೂವತ್ತು ವರ್ಷ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದ ನಾನು ಕೆಲವು ವರ್ಷಗಳ ಹಿಂದೆ ಆ ಪಾಡನ್ನು ಅನುಭವಿಸಿದವನು.

ಶ್ರೋತೃಗಳೆ, ಈ ಹೊತ್ತು ನಾನು ಮಾತನಾಡಹೊರಟಿರುವುದು, ಶಸ್ತ್ರಚಿಕಿತ್ಸೆಯ ಮೂಲಕ ಹೊಟ್ಟೆಯ ಮೇಲೆ ವಿಸರ್ಜನೆಗೊಂದು ಹೊಸ ದಾರಿ ಪಡೆದವರ ಜಳಕವನ್ನು ಕುರಿತು, ಆ ದಾರಿಯ ಸುತ್ತಲಿನ ಅಂಗೈಯಗಲ ಚರ್ಮವನ್ನು ಕುರಿತು. ವಿಷಯ ಕೇಳಿದೊಡನೆ ಕೆಲವರು ರೇಡಿಯೋದ ಕಿವಿ ಹಿಂಡಿಯಾರು. ಊಟಕ್ಕೆ ಕುಳಿತವರಿದ್ದರೆ ಅವರನ್ನು ನಾನು ಆಕ್ಷೇಪಿಸುವುದಿಲ್ಲ. ಆದರೆ ನಮ್ಮ ಊರುಗಳಲ್ಲಿ ಈ ಸ್ಥಿತಿಯಲ್ಲಿರುವವರು ನೀವು ತಿಳಿದದ್ದಕ್ಕಿಂತ ಹೆಚ್ಚು ಮಂದಿ ಇದ್ದಾರೆ. ಅವರು ಕಾಣಿಸುವುದಿಲ್ಲ, ಏಕೆಂದರೆ ಮುಚ್ಚಿಟ್ಟುಕೊಳ್ಳುತ್ತಾರೆ. ಮುಚ್ಚಿಟ್ಟುಕೊಂಡದ್ದರಿಂದಲೇ ಒಬ್ಬರು ಕಲಿತದ್ದು ಇನ್ನೊಬ್ಬರಿಗೆ ತಲುಪುವುದಿಲ್ಲ.

ದೊಡ್ಡ ಕರುಳಿನ ತುದಿಯಲ್ಲಿ ಅರ್ಬುದವಾದಾಗ, ಕರುಳು ತಡೆಗೊಂಡಾಗ, ಅಪಘಾತದಲ್ಲಿ ಹೊಟ್ಟೆ ಸೀಳಿದಾಗ, ಕೆಲವು ಕೂಸುಗಳಿಗೆ ಹುಟ್ಟಿನಿಂದಲೇ ಗುದದ್ವಾರವಿಲ್ಲದಾಗ ವೈದ್ಯರು ಕರುಳಿನ ಒಂದು ತುದಿಯನ್ನು ಹೊಟ್ಟೆಯ ಗೋಡೆಯಿಂದ ಹೊರಗೆ ತಂದು, ಅಂಚನ್ನು ಮಡಿಸಿ ಹೊಲಿಯುತ್ತಾರೆ. ಕೆಲವರಿಗೆ ಇದು ಕೆಲವು ತಿಂಗಳ ಏರ್ಪಾಡು, ಕೆಲವರಿಗೆ ಜನ್ಮದ ಸಂಗಾತಿ. ದೊಡ್ಡ ಕರುಳಿನದಾದರೆ ಕೊಲಾಸ್ಟೊಮಿ, ಸಾಮಾನ್ಯವಾಗಿ ಹೊಟ್ಟೆಯ ಎಡಬದಿಗೆ, ಸಣ್ಣ ಕರುಳಿನದಾದರೆ ಇಲಿಯಾಸ್ಟೊಮಿ, ಹೆಚ್ಚಾಗಿ ಬಲಬದಿಗೆ, ಮೂತ್ರಕ್ಕಾದರೆ ಯೂರಾಸ್ಟೊಮಿ. ಮೂರಕ್ಕೂ ತಾಯಿಯಾದ ಮಾತು ‘ಸ್ಟೋಮಾ’. ಅದು ಗ್ರೀಕರ ಶಬ್ದ, ಅರ್ಥ ‘ಬಾಯಿ’. ನನಗೆ ಅದನ್ನು ಹೇಳಿದ ದಿನ, ದೇಹ ಅಷ್ಟು ಸೋತಿದ್ದರೂ, ಶಬ್ದಾರ್ಥದ ಹಳೆಯ ಚಟ ಎದ್ದು ಕುಳಿತಿತು. ಆಹಾರ ಒಳಗೆ ಹೋಗುವ ಬಾಯಿ ಮುಖದ ಮೇಲಿದೆ, ಹೊರಗೆ ಬರುವುದಕ್ಕೆ ಹೊಟ್ಟೆಯ ಮೇಲೆ ಇನ್ನೊಂದು! ನಮ್ಮ ಜನ ‘ಚೀಲ ಹಾಕ್ಯಾರೆ’ ಎಂದು ಹೇಳಿ ಮುಗಿಸುತ್ತಾರೆ. ಚೀಲವನ್ನು ಹೆಸರಿಸಿ, ಬಾಯನ್ನು ಹೆಸರಿಸದೆ ಬಿಡುತ್ತಾರೆ.

ಇದು ಹೊಸಕಾಲದ ಚಮತ್ಕಾರವೆಂದು ಭಾವಿಸಬೇಕಾಗಿಲ್ಲ. ೧೭೯೩ರಲ್ಲಿ ಫ್ರಾನ್ಸಿನ ಬ್ರೆಸ್ಟ್ ಎಂಬ ಬಂದರು ಪಟ್ಟಣದಲ್ಲಿ ದ್ಯುರೆ ಎಂಬ ಶಸ್ತ್ರವೈದ್ಯ, ಗುದದ್ವಾರವಿಲ್ಲದೆ ಹುಟ್ಟಿದ ಮೂರು ದಿನದ ಕೂಸಿಗೆ ಹೊಟ್ಟೆಯ ಎಡಬದಿಯಲ್ಲಿ ಇಂಥ ದಾರಿ ಮಾಡಿದ. ಅರಿವಳಿಕೆ ಇಲ್ಲದ ಕಾಲ. ಆ ಕೂಸು ಬೆಳೆದು ನಾಲ್ವತ್ತೈದು ವರ್ಷ ಬದುಕಿತು. ನನ್ನಂಥವರ ಪಾಲಿಗೆ ಬಂದದ್ದು ೧೯೦೮ರಲ್ಲಿ ಲಂಡನ್ನಿನ ಅರ್ನೆಸ್ಟ್ ಮೈಲ್ಸ್ ವಿವರಿಸಿದ ಚಿಕಿತ್ಸೆಯ ಮುಂದುವರಿಕೆ. ಇಷ್ಟು ಚರಿತ್ರೆ ಸಾಕು.

ನನಗೆ ಶಸ್ತ್ರಚಿಕಿತ್ಸೆಯಾದದ್ದು ದೂರದ ದೊಡ್ಡ ಊರಿನ ಒಂದು ಆಸ್ಪತ್ರೆಯಲ್ಲಿ. ಮನೆಗೆ ಕಳುಹಿಸುವಾಗ ಒಂದು ಕಾಗದ ಕೊಟ್ಟರು. ಏನು ತಿನ್ನಬೇಕು, ಚೀಲವನ್ನು ಹೇಗೆ ಬರಿದುಮಾಡಬೇಕು, ಯಾವಾಗ ಮತ್ತೆ ಬರಬೇಕು ಎಲ್ಲ ಅದರಲ್ಲಿತ್ತು. ಜಳಕದ ಮಾತು ಇರಲಿಲ್ಲ. ಬರೆದವರಿಗೆ ಅದೊಂದು ಪ್ರಶ್ನೆಯೆಂದೇ ತೋರದಿದ್ದಿರಬಹುದು. ಬಳ್ಳಾರಿಗೆ ಬಂದಿಳಿದಾಗ ಏಪ್ರಿಲ್. ನಮ್ಮ ಊರಿನ ಏಪ್ರಿಲ್ ಎಂದರೆ ಗೊತ್ತಲ್ಲ; ಇಲ್ಲಿ ಇರುವುದು ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ. ನಲವತ್ತು ಡಿಗ್ರಿಯ ಬಿಸಿಲಲ್ಲಿ, ಕೆಂಪು ಧೂಳಿನಲ್ಲಿ, ಒದ್ದೆ ಬಟ್ಟೆಯಿಂದ ಮೈ ಒರಸಿಕೊಳ್ಳುತ್ತ ಮೂರು ವಾರ ಕಳೆದೆ. ಹೊಲಿಗೆಯ ಗಾಯ ಮಾಯುವ ತನಕ ಅದು ಸರಿಯೇ; ಆ ಅವಧಿಯನ್ನು ಶಸ್ತ್ರವೈದ್ಯರೇ ಗೊತ್ತುಪಡಿಸಬೇಕು. ಗಾಯ ಮಾದ ಮೇಲೂ ಬಚ್ಚಲುಮನೆಯ ಹೊಸ್ತಿಲು ದಾಟಲು ಧೈರ್ಯ ಬರಲಿಲ್ಲ. ನೀರು ಆ ಬಾಯಿಯಿಂದ ಒಳಗೆ ಹೋದರೆ? ಸೋಪು ತಗುಲಿದರೆ ಉರಿಯುವುದೇ? ತಂಬಿಗೆ ಎತ್ತಿದ ಹೊತ್ತಿಗೇ ಕರುಳು ತನ್ನ ಕೆಲಸ ಮಾಡಿದರೆ?

ಕೊನೆಗೆ ಒಬ್ಬ ಅನುಭವಿ ದಾದಿ ದೂರವಾಣಿಯಲ್ಲಿ ಐದೇ ನಿಮಿಷದಲ್ಲಿ ಈ ಮೂರನ್ನೂ ಬಿಡಿಸಿದಳು. ಹೊರಗಿನ ನೀರು ಒಳಗೆ ಹೋಗುವುದಿಲ್ಲ. ಕರುಳಿನ ಚಲನೆ ಯಾವಾಗಲೂ ಹೊರಮುಖ. ಆ ಕೆಂಪು ಬಾಯಿಗೆ ನೋವು ತಿಳಿಯುವ ನರಗಳಿಲ್ಲ, ಆದುದರಿಂದ ಅದು ಉರಿಯುವುದಿಲ್ಲ. ಉರಿದರೆ ಉರಿಯುವುದು ಸುತ್ತಲಿನ ಚರ್ಮ, ಅದು ಬೇರೆಯೇ ಸಮಾಚಾರ. ಜಳಕದ ನಡುವೆ ಏನಾದರೂ ಹೊರಬಂದರೆ, ‘ಬಚ್ಚಲಲ್ಲೇ ಇದ್ದೀರಲ್ಲ ಸರ್, ನೀರು ಹಾಕಿ’ ಎಂದಳು. ಇದಕ್ಕಿಂತ ಸ್ಪಷ್ಟವಾದ ಗದ್ಯವನ್ನು ನಾನು ಕಡಮೆ ಕೇಳಿದ್ದೇನೆ.

ನನ್ನ ಕ್ರಮವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಚೀಲದ ಸಲಕರಣೆಗೆ ಎರಡು ಭಾಗ. ಮೈಗೆ ಅಂಟುವ ದುಂಡನೆಯ ಹಲಗೆಯೊಂದು. ಅಂಗಡಿಯವರು ಅದನ್ನು ಫ್ಲೇಂಜ್ ಎನ್ನುತ್ತಾರೆ, ನಮ್ಮ ಮನೆಯಲ್ಲಿ ಅದಕ್ಕೆ ‘ಬಿಲ್ಲೆ’ ಎಂದು ಹೆಸರಾಗಿದೆ. ಅದಕ್ಕೆ ಸಿಕ್ಕಿಸುವ ಚೀಲ ಇನ್ನೊಂದು. ಎರಡೂ ಕೂಡಿ ಒಂದಾಗಿರುವ ತಯಾರಿಕೆಗಳೂ ಉಂಟು. ಬಿಲ್ಲೆಯನ್ನು ದಿನವೂ ಕೀಳುವುದಿಲ್ಲ. ಮೂರು ನಾಲ್ಕು ದಿನಕ್ಕೊಮ್ಮೆ ಬದಲಿಸುವುದು ವಾಡಿಕೆ. ಆದುದರಿಂದ ನನ್ನ ಜಳಕದಲ್ಲಿ ಎರಡು ಬಗೆ. ಬಿಲ್ಲೆ ಬದಲಿಸದ ದಿನ ಚೀಲ ಸಮೇತ ನೀರು ಹಾಕಿಕೊಂಡು, ಬಳಿಕ ಚೀಲವನ್ನೂ ಬಿಲ್ಲೆಯ ಅಂಚನ್ನೂ ಮೆತ್ತನೆಯ ಬಟ್ಟೆಯಿಂದ ಒತ್ತಿ ಒಣಗಿಸುವುದು. ಒದ್ದೆ ಚೀಲ ಚರ್ಮಕ್ಕೆ ತಗುಲಿಕೊಂಡಿದ್ದರೆ ನಮ್ಮ ಸೆಕೆಯಲ್ಲಿ ಬೆವರುಸಾಲೆ ಏಳುತ್ತದೆ. ನನ್ನ ಹೆಂಡತಿ ಹಳೆಯ ಪಂಚೆಯನ್ನು ಹರಿದು ಚೀಲಕ್ಕೆ ಗವಸು ಹೊಲಿದುಕೊಟ್ಟಿದ್ದಾಳೆ. ಅಂಗಡಿಯಲ್ಲಿ ಇಂಥದ್ದು ಸಿಗುತ್ತದೋ ಏನೋ, ನಾನು ಕೇಳಲು ಹೋಗಿಲ್ಲ.

ಬದಲಿಸುವ ದಿನದ ಜಳಕವೇ ನಿಜವಾದ ಜಳಕ. ಬೆಳಗ್ಗೆ, ಬಾಯಿಗೆ ಕಾಫಿಯೂ ಬೀಳುವ ಮೊದಲು. ಆಗ ಕರುಳು ಶಾಂತವಾಗಿರುತ್ತದೆ. ಬಚ್ಚಲಿಗೆ ಹೋಗುವ ಮುನ್ನವೇ ಹೊಸ ಬಿಲ್ಲೆಯನ್ನು ಅಳತೆಗೆ ಕತ್ತರಿಸಿ, ಚೀಲ, ಬಟ್ಟೆ, ಹಳೆಯದನ್ನು ಸುತ್ತಲು ಸುದ್ದಿಪತ್ರಿಕೆ ಎಲ್ಲವನ್ನೂ ಕೈಗೆಟಕುವಂತೆ ಜೋಡಿಸಿರಬೇಕು. ಹಳೆಯ ಬಿಲ್ಲೆಯನ್ನು ಪಟ್ಟನೆ ಕೀಳಬಾರದು. ಒಂದು ಕೈಯಲ್ಲಿ ಚರ್ಮವನ್ನು ಒತ್ತಿಹಿಡಿದು, ಇನ್ನೊಂದು ಕೈಯಿಂದ ಮೇಲಿನಿಂದ ಕೆಳಕ್ಕೆ, ನೀರು ತಗುಲಿಸುತ್ತ ಬಿಡಿಸಬೇಕು. ಆಮೇಲೆ ಉಗುರುಬೆಚ್ಚಗಿನ ನೀರು. ಆ ಹೊತ್ತಿನಲ್ಲಿ ಮೈ ಮೇಲೆ ಯಾವ ಅಂಟೂ ಇಲ್ಲದೆ, ತಂಬಿಗೆಯಿಂದ ನೀರು ಇಳಿಯುವ ಸುಖ ಏನೆಂಬುದನ್ನು ಮೂರು ವಾರ ಒರಸಿಕೊಂಡು ಕಳೆದವನೇ ಬಲ್ಲ. ಕೊಳವೆಯ ತುಂತುರಿನ ಕೆಳಗೆ ನಿಲ್ಲುವವರೂ ನಿಲ್ಲಬಹುದು. ನೀರಿನ ರಭಸ ನೇರವಾಗಿ ಆ ಬಾಯಿಗೆ ಹೊಡೆಯದಂತೆ ಸ್ವಲ್ಪ ಓರೆಯಾದರಾಯಿತು. ನಾನು ಬಕೀಟಿನವನು, ಮೋಟುಕಾಲಿನ ಸ್ಟೂಲಿನ ಮೇಲೆ ಕೂಡುತ್ತೇನೆ. ಮಣೆಯ ಮೇಲೆ ಕುಕ್ಕರು ಕೂತರೆ ಹೊಟ್ಟೆ ಮಡಿಸಿಕೊಂಡು ಎಲ್ಲ ಮುಚ್ಚಿಹೋಗುತ್ತದೆ, ಕಾಣುವುದಿಲ್ಲ.

ಸೋಪಿನ ವಿಷಯ ಎಚ್ಚರಿಕೆಯದು. ಬಿಲ್ಲೆಯ ಜಾಗಕ್ಕೆ ಬರೀ ನೀರು ಸಾಕು. ಸುವಾಸನೆಯ ಸೋಪುಗಳು ಎಣ್ಣೆಯ ತೆಳು ಪೊರೆಯೊಂದನ್ನು ಬಿಟ್ಟುಹೋಗುತ್ತವೆ. ಅದರ ಮೇಲೆ ಬಿಲ್ಲೆ ನಿಲ್ಲುವುದಿಲ್ಲ. ಕ್ರಿಮಿನಾಶಕ ದ್ರಾವಣ, ಸ್ಪಿರಿಟ್ಟು ಬೇಡವೇ ಬೇಡ; ಚರ್ಮ ಒಣಗಿ ಬಿರಿಯುತ್ತದೆ. ಕಡಲೆಹಿಟ್ಟು ಸೀಗೆಪುಡಿಗಳಲ್ಲಿ ನನಗೆ ಅಪಾರ ಗೌರವವಿದೆ, ಆದರೂ ಅವುಗಳ ತರಿ ಆ ಎಳೆಚರ್ಮಕ್ಕೆ ಒರಟು. ಹಾಗಾದರೆ ಯುಗಾದಿಯ ಎಣ್ಣೆನೀರು? ನರಕಚತುರ್ದಶಿಯ ಅಭ್ಯಂಜನ? ಮೊದಲ ವರ್ಷ ನನ್ನ ಹೆಂಡತಿ ಎಣ್ಣೆಯ ಬಟ್ಟಲು ಹಿಡಿದು ನನ್ನ ಮುಂದೆ ನಿಂತು ಬಹಳ ಹೊತ್ತು ಯೋಚಿಸಿದಳು. ಕೊನೆಗೆ ಅವಳೇ ದಾರಿ ಕಂಡುಹಿಡಿದಳು. ಹಳೆಯ ಬಿಲ್ಲೆ ಇರುವಾಗಲೇ ತಲೆ, ತೋಳು, ಬೆನ್ನು, ಕಾಲುಗಳಿಗೆ ಎಣ್ಣೆ ಹಚ್ಚುವುದು. ಹೊಟ್ಟೆಯ ಮೇಲೆ ಬಿಲ್ಲೆಯಿಂದ ನಾಲ್ಕು ಬೆರಳು ದೂರದಲ್ಲೇ ಕೈ ನಿಲ್ಲಿಸುವುದು. ಬಿಸಿನೀರು ಎರೆದು ಎಣ್ಣೆಯೆಲ್ಲ ಹೋದ ಮೇಲೆ ಕೊನೆಯಲ್ಲಿ ಬಿಲ್ಲೆ ತೆಗೆದು, ಹೊಸ ನೀರಿನಿಂದ ಆ ಜಾಗವನ್ನು ತೊಳೆಯುವುದು. ಹಬ್ಬ ತಪ್ಪಲಿಲ್ಲ.

ತೊಳೆದ ಮೇಲೆ ಒಣಗಿಸುವುದು. ಇದರಲ್ಲಿ ಅವಸರ ಮಾಡುವವರೇ ಹೆಚ್ಚು. ಉಜ್ಜದೆ, ಒತ್ತಿ ಒತ್ತಿ ನೀರು ತೆಗೆದು, ಫ್ಯಾನಿನ ಕೆಳಗೆ ಎರಡು ನಿಮಿಷ ಕೂಡಬೇಕು. ಆ ಹೊತ್ತಿನಲ್ಲಿ ಕನ್ನಡಿ ಹಿಡಿದು ನೋಡಿಕೊಳ್ಳುವುದು ಅಗತ್ಯ. ಮೊದಮೊದಲು ನಾನು ನೋಡಲಾರದೆ ಮುಖ ತಿರುಗಿಸುತ್ತಿದ್ದೆ. ಈಗ ಕಾಣುವುದು ದಾಳಿಂಬೆಯ ಮೊಗ್ಗಿನಂಥ ಕೆಂಪು. ಒದ್ದೆಯಾಗಿ, ಬಾಯೊಳಗಿನ ಚರ್ಮದಂತೆ ಹೊಳೆಯುತ್ತದೆ. ಒರಸುವಾಗ ಒಂದು ಹನಿ ರಕ್ತ ಕಂಡರೆ ಗಾಬರಿ ಬೇಡ. ಹಲ್ಲುಜ್ಜುವಾಗ ಒಸಡಿನಿಂದ ಬರುವಂಥದು. ರಕ್ತ ನಿಲ್ಲದಿದ್ದರೆ, ಬಣ್ಣ ನೀಲಿಗೋ ಕಪ್ಪಿಗೋ ತಿರುಗಿದರೆ, ಚಲನೆಯೇ ನಿಂತು ಹೊಟ್ಟೆ ನೊಂದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಸುತ್ತಲಿನ ಚರ್ಮವಾದರೋ ಹೊಟ್ಟೆಯ ಉಳಿದ ಚರ್ಮದಂತೆಯೇ ಇರಬೇಕು. ಕೆಂಪಾಗಿದ್ದರೆ, ನವೆಯಿದ್ದರೆ ಬಿಲ್ಲೆಯ ಅಡಿಯಲ್ಲಿ ಸೋರಿಕೆಯಾಗಿದೆ ಎಂದರ್ಥ. ಇಲಿಯಾಸ್ಟೊಮಿಯವರು ಇದನ್ನು ಒಂದು ಗಳಿಗೆಯೂ ಅಲಕ್ಷಿಸಬಾರದು, ಏಕೆಂದರೆ ಸಣ್ಣ ಕರುಳಿನ ರಸ ಅನ್ನವನ್ನು ಹೇಗೋ ಹಾಗೆ ಚರ್ಮವನ್ನೂ ಜೀರ್ಣಿಸತೊಡಗುತ್ತದೆ. ಕೆಂಪಿನ ಅಂಚಿನಾಚೆ ಸಣ್ಣ ಸಣ್ಣ ಗುಳ್ಳೆಗಳು ಚೆದುರಿದ್ದರೆ ಅದು ಬೂಷ್ಟಿನ ಸೋಂಕು ಇರಬಹುದು, ನಮ್ಮ ಸೆಕೆಯಲ್ಲಿ ಅದು ಸುಲಭವಾಗಿ ಬರುತ್ತದೆ, ಮದ್ದು ಬೇರೆ.

ಅಳತೆಯ ಮಾತೊಂದು ಉಳಿಯಿತು. ಶಸ್ತ್ರಚಿಕಿತ್ಸೆಯಾದ ಮೊದಲ ಆರೆಂಟು ವಾರಗಳಲ್ಲಿ ಆ ಮೊಗ್ಗು ಊತ ಇಳಿದು ಸಣ್ಣದಾಗುತ್ತ ಹೋಗುತ್ತದೆ. ಮೊದಲ ದಿನದ ಅಳತೆಗೇ ಕತ್ತರಿಸುತ್ತ ಹೋದರೆ ನಡುವೆ ಬರಿಚರ್ಮ ಉಳಿದು ಹುಣ್ಣಾಗುತ್ತದೆ. ಮೊಗ್ಗಿಗಿಂತ ಎರಡು ಮೂರು ಮಿಲಿಮೀಟರ್ ಮಾತ್ರ ಹೆಚ್ಚಿರಬೇಕು ರಂಧ್ರ. ಅಂಟಿಸಿದ ಮೇಲೆ ಅಂಗೈಯನ್ನು ಒಂದೆರಡು ನಿಮಿಷ ಅದರ ಮೇಲೆ ಒತ್ತಿಟ್ಟರೆ ಮೈಯ ಬಿಸಿಗೆ ಅಂಟು ಕೂಡಿಕೊಳ್ಳುತ್ತದೆ. ಬಳ್ಳಾರಿಯಲ್ಲಿ ಬಿಸಿಯ ಕೊರತೆ ಇಲ್ಲ. ಇಲ್ಲಿನ ತೊಂದರೆ ಅದರ ತಿರುವು. ಸಜ್ಜದ ಮೇಲೋ, ತಗಡಿನ ಮಾಡಿನ ಕೆಳಗೋ ಇಟ್ಟ ಬಿಲ್ಲೆಗಳು ಮೇ ತಿಂಗಳಲ್ಲಿ ಬೆಲ್ಲದಂತೆ ಕರಗುತ್ತವೆ. ಬೀರುವಿನ ಅಡಿಯ ಅರೆಯಲ್ಲಿ ತಂಪಾಗಿಡಬೇಕು.

ಈ ಅಂಟಿನ ಚರಿತ್ರೆ ನನಗೆ ಬಹು ಪ್ರಿಯವಾದುದು. ಅದು ಬಂದದ್ದು ನಮ್ಮ ಕಾಡಿನಿಂದ. ದಖ್ಖನ್ನಿನ, ಮಧ್ಯಭಾರತದ ಒಣಗುಡ್ಡಗಳಲ್ಲಿ, ಬಂಡೆಗಳ ಸಂದಿಯಲ್ಲಿ ಒಂದು ಮರ ಬೆಳೆಯುತ್ತದೆ. ಬೇಸಿಗೆಯಲ್ಲಿ ಎಲೆಯೆಲ್ಲ ಉದುರಿ, ಬಿಳಿಚಿದ ನುಣುಪು ತೊಗಟೆಯೊಂದಿಗೆ ಬೆಳದಿಂಗಳಲ್ಲಿ ಭೂತದಂತೆ ನಿಂತಿರುತ್ತದೆ. ಸಸ್ಯಶಾಸ್ತ್ರಜ್ಞರು ಸ್ಟರ್ಕ್ಯೂಲಿಯಾ ಯೂರೆನ್ಸ್ ಎನ್ನುತ್ತಾರೆ. ತೆಲುಗರ ತಪಸಿ ಅದೇ. ತೊಗಟೆಗೆ ಗಾಯ ಮಾಡಿದರೆ ಅಂಟು ಕಣ್ಣೀರಿನಂತೆ ಒಸರಿ ಗಟ್ಟಿಯಾಗುತ್ತದೆ. ಅದೇ ಕರಾಯ ಗೋಂದು. ಗಿರಿಜನರು ಅದನ್ನು ಕಿತ್ತು ತರುತ್ತಾರೆ; ಆಂಧ್ರದಲ್ಲಿ ಗಿರಿಜನ ಸಹಕಾರ ನಿಗಮ ಅದನ್ನು ಕೊಳ್ಳುತ್ತದೆ. ನೀರು ತಗುಲಿದರೆ ಈ ಪುಡಿ ಹಲವು ಪಟ್ಟು ಉಬ್ಬಿ ಅಂಟುಮುದ್ದೆಯಾಗುತ್ತದೆ. ಕಟ್ಟಿಸಿಕೊಂಡ ಹಲ್ಲಿನ ಸೆಟ್ಟು ಒಸಡಿಗೆ ಕೂಡಲೆಂದು ಪಾಶ್ಚಾತ್ಯರು ಇದನ್ನು ಬಳಸುತ್ತಿದ್ದರು.

೧೯೫೨ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್ಕಿನ ಶಸ್ತ್ರವೈದ್ಯ ರೂಪರ್ಟ್ ಟರ್ನ್‌ಬುಲ್ ಇದೇ ಗೋಂದನ್ನು ಹೊಟ್ಟೆಯ ಆ ಬಾಯಿಯ ಸುತ್ತಲಿನ ಚರ್ಮಕ್ಕೆ ರಕ್ಷೆಯಾಗಿ ಹಚ್ಚತೊಡಗಿದ. ಅದಕ್ಕೆ ಮುಂಚೆ ರಬ್ಬರಿನ ಚೀಲ, ಪಟ್ಟಿ, ಸದಾ ಹಸಿಯಾಗಿರುವ ಹುಣ್ಣು ಇದೇ ಗತಿಯಾಗಿತ್ತು. ಯಾರೋ ಹೆಸರಿಲ್ಲದ ಗಿರಿಜನ ಕೊಡಲಿಯಿಂದ ಗೀರಿ ತೆಗೆದ ಅಂಟು ಹಡಗು ಹತ್ತಿ ಹೋಗಿ, ಸಾವಿರಾರು ಮೈಲಿ ದೂರದಲ್ಲಿ ಅಪರಿಚಿತರ ಹೊಟ್ಟೆಯ ಚರ್ಮವನ್ನು ಕಾದಿತು. ನನ್ನಂಥವನಿಗೆ ಇದು ಒಂದು ಪುರಾಣಕಥೆಯಷ್ಟೇ ರೋಮಾಂಚಕ. ಕರಾಯಕ್ಕೆ ಕುಂದಿಲ್ಲದೆ ಇರಲಿಲ್ಲ. ಹುಳಿ ಸ್ವಭಾವದ್ದಾದ್ದರಿಂದ ಹಸಿ ಚರ್ಮಕ್ಕೆ ಉರಿ, ತೆಳ್ಳನೆಯ ಸ್ರಾವಕ್ಕೆ ಕರಗಿಹೋಗುತ್ತಿತ್ತು. ಮುಂದೆ ಪೆಕ್ಟಿನ್, ಜೆಲಟಿನ್ ಮೊದಲಾದವನ್ನು ಕೂಡಿಸಿದ ಇಂದಿನ ಬಿಲ್ಲೆ ಬಂದಿತು. ಅದೂ ಮೊದಲು ಹುಟ್ಟಿದ್ದು ಬಾಯಿಹುಣ್ಣಿನ ಮದ್ದಾಗಿ ಎಂದರೆ ನಂಬುತ್ತೀರಾ? ಮೇಲಿನ ಬಾಯಿಗೆಂದು ಮಾಡಿದ್ದೆಲ್ಲ ಕೆಳಗಿನ ಬಾಯಿಗೆ ಒದಗಿತು. ಗ್ರೀಕರು ಇಟ್ಟ ಹೆಸರು ಸುಮ್ಮನೆ ಇಟ್ಟದ್ದಲ್ಲ ಎಂದು ಶಬ್ದಾರ್ಥದ ಚಟದವನು ಹಿಗ್ಗಿದರೆ ಕ್ಷಮಿಸಬೇಕು.

ಅಂಟುವ ಪ್ಲಾಸ್ಟಿಕ್ ಚೀಲದ ಕಲ್ಪನೆ ಡೆನ್ಮಾರ್ಕಿನ ಎಲಿಸ್ ಸೋರೆನ್‌ಸನ್ ಎಂಬ ದಾದಿಯದು, ೧೯೫೪ರಲ್ಲಿ. ಆಕೆಯ ತಂಗಿಗೆ ಈ ಶಸ್ತ್ರಚಿಕಿತ್ಸೆಯಾಗಿ, ಸೋರಿಕೆಯ ಭಯದಿಂದ ಆಕೆ ಮನೆಬಿಟ್ಟು ಹೊರಡುವುದನ್ನೇ ನಿಲ್ಲಿಸಿದ್ದಳು. ಡೆನ್ಮಾರ್ಕಿನ ಆ ಹೆಣ್ಣುಮಗಳಿಗೂ ಕುರುಗೋಡಿನ ಒಬ್ಬ ಒಕ್ಕಲಿಗನಿಗೂ ಏನು ಸಂಬಂಧ ಎಂದು ಕೇಳಿದರೆ ಈಗ ಹೇಳುತ್ತೇನೆ.

ಕುರುಗೋಡು ಬಳ್ಳಾರಿಗೆ ಮೂವತ್ತು ಕಿಲೋಮೀಟರಿನ ಆಸುಪಾಸು. ಸಿಂದ ಅರಸರು ಆಳಿದ ಊರು. ಬೆಟ್ಟದ ಮೇಲೆ ಕೋಟೆ, ಕೆಳಗೆ ಗುಡಿಯಲ್ಲಿ ಏಕಶಿಲೆಯ ದೊಡ್ಡಬಸವಣ್ಣ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಅಲ್ಲಿಂದ ಬಂದು, ತನ್ನ ತಂದೆಗೂ ನನ್ನಂತೆಯೇ ಆಗಿದೆ, ಒಮ್ಮೆ ಬಂದು ಮಾತಾಡಿಸಬೇಕು ಎಂದು ಕರೆದ. ಹೋದೆ. ಎಪ್ಪತ್ತರ ಹತ್ತಿರದ ಮನುಷ್ಯ. ಪಡಸಾಲೆಯ ಆಚೆ, ದನಗಳ ಅಂಕಣದ ಪಕ್ಕ ಮಂಚ ಹಾಕಿಸಿಕೊಂಡಿದ್ದರು. ಮನೆಯವರು ಹಾಗೆ ಮಾಡಿದ್ದಲ್ಲ, ತಾವೇ ಹಟಮಾಡಿ ಹೋಗಿದ್ದರು. ಬಿಲ್ಲೆ ಚೀಲಗಳಿಗೆ ತಿಂಗಳು ತಿಂಗಳು ಬೀಳುವ ವೆಚ್ಚವನ್ನು ಲೆಕ್ಕಹಾಕಿ, ‘ಇದಕ್ಕೆ ಯಾಕೆ ರೊಕ್ಕ’ ಎಂದು, ಪಾಲಿಥೀನ್ ಕವರಿಗೆ ಪಂಚೆಯ ಸೀಳು ಕಟ್ಟಿ ಸೊಂಟಕ್ಕೆ ಬಿಗಿದುಕೊಂಡಿದ್ದರು. ಸುತ್ತಲಿನ ಚರ್ಮ ಅಂಗೈಯಗಲ ಕೆಂಪಗೆ ಕಿತ್ತುಹೋಗಿತ್ತು. ಜಳಕವನ್ನು ಬಿಟ್ಟು ತಿಂಗಳುಗಳಾಗಿದ್ದವು.

‘ನೀರು ಬಿದ್ರೆ ಬೆಂಕಿ ಬಿದ್ದಂಗಾಗ್ತೈತೆ ಮೇಷ್ಟ್ರೆ. ಬಸಣ್ಣನ ಗುಡಿ ಕಡಿ ಮುಖ ಮಾಡಿಲ್ಲ ನಾನು. ಜಳಕ ಇಲ್ದ ಹೆಂಗ ಹೋಗ್ಲಿ?’

ಅವರಿಗೆ ಉಪದೇಶ ಮಾಡುವುದು ಸರಿಯೆನ್ನಿಸಲಿಲ್ಲ. ಬಾಗಿಲು ಮುಚ್ಚಿ, ಅಂಗಿಯೆತ್ತಿ ನನ್ನದನ್ನು ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು, ಎತ್ತಿನ ಹಲ್ಲು ನೋಡುವ ಗಂಭೀರತೆಯಿಂದ ಬಗ್ಗಿ ನೋಡಿದರು. ‘ನಿಮ್ದು ಚರ್ಮ ಚೊಲೋ ಐತಲ್ರೀ’ ಎಂದರು. ಆ ಮಾತಿನಲ್ಲಿ ಅಸೂಯೆಯಿತ್ತು. ಅದರ ಜೊತೆಗೇ ಆಸೆಯೂ ಹುಟ್ಟಿದ್ದನ್ನು ಕಂಡೆ. ಅವರನ್ನು ಅವರ ಮಗ ಮರುದಿನವೇ ವೈದ್ಯರಿಗೆ ತೋರಿಸಿದ. ಹಸಿಯಾದ ಚರ್ಮಕ್ಕೆ ಉದುರಿಸುವ ಪುಡಿ, ಹೆಚ್ಚಾದುದನ್ನು ಕೊಡವುವ ಬಗೆ, ಅಳತೆಗೆ ಕತ್ತರಿಸಿದ ಬಿಲ್ಲೆ ಇಷ್ಟೇ ಚಿಕಿತ್ಸೆ. ಅವರ ಮನೆಯ ಬೋರಿನ ನೀರು ಗಡಸು. ಸೋಪಿನ ನೊರೆಯೇ ಏಳದು, ಒಣಗಿದರೆ ಬಿಳಿ ಉಪ್ಪು ಉಳಿಯುತ್ತದೆ. ಆ ಜಾಗಕ್ಕೆ ಮಾತ್ರ ಕುಡಿಯುವ ನೀರು ಕಾಯಿಸಿ ಆರಿಸಿದ್ದನ್ನು ಒಂದು ಚರಿಗೆ ಬಳಸುವಂತೆ ಸೊಸೆ ಏರ್ಪಾಡು ಮಾಡಿದಳು. ಮೂರನೆಯ ವಾರ ನಾನು ಹೋದಾಗ ಅವರು ಬಚ್ಚಲ ಕಲ್ಲಿನ ಮೇಲೆ ಕೂತು ಹಂಡೆಯ ನೀರು ಹೊಯ್ದುಕೊಳ್ಳುತ್ತಿದ್ದ ಸದ್ದು ಅಂಗಳದ ತನಕ ಕೇಳುತ್ತಿತ್ತು. ಮಂಚ ಪಡಸಾಲೆಗೆ ಬಂದಿತ್ತು.

ವೆಚ್ಚದ ಪ್ರಶ್ನೆ ಬಗೆಹರಿದಿಲ್ಲವೆಂಬುದನ್ನು ಮರೆಮಾಚಲಾರೆ. ಒಂದೊಂದು ಬಿಲ್ಲೆಗೆ ನೂರಾರು ರೂಪಾಯಿ, ವಾರಕ್ಕೆ ಎರಡು. ತುದಿ ತೆರೆಯುವ ಚೀಲವನ್ನು ತೊಳೆದು ಮತ್ತೆ ಬಳಸಿ ಅವರು ಹೇಗೋ ತೂಗಿಸುತ್ತಾರೆ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ಇದಕ್ಕೆಂದೇ ಚಿಕಿತ್ಸಾಲಯವಿದೆ, ಈ ಕೆಲಸಕ್ಕೆಂದೇ ತರಬೇತು ಪಡೆದ ದಾದಿಯರಿದ್ದಾರೆ. ಅದೇ ನಗರದಲ್ಲಿ ಇಂಥವರದೇ ಸಂಘವೂ ಇದೆ. ಜಿಲ್ಲಾ ಊರುಗಳಲ್ಲಿ ಒಬ್ಬೊಬ್ಬಳಾದರೂ ಅಂಥ ದಾದಿ ಇದ್ದರೆ, ನೆಲ್ಲಿನ ಗದ್ದೆಯಲ್ಲಿ ಬಗ್ಗಿ ಕೆಲಸಮಾಡುವವನು ಪಾಲಿಥೀನ್ ಕವರು ಕಟ್ಟಿಕೊಳ್ಳುವ ಸ್ಥಿತಿ ಬರುತ್ತಿರಲಿಲ್ಲ. ಇದು ನನ್ನ ದೂರು.

ಇನ್ನು ಮಡಿಯ ಪ್ರಶ್ನೆ. ಮಡಿ ಎಂದರೆ ಮೂಲದಲ್ಲಿ ಒಗೆದ ಬಟ್ಟೆ, ಅಷ್ಟೆ. ಮಡಿವಾಳ ಎಂಬ ಹೆಸರಿನಲ್ಲಿ ಆ ಅರ್ಥ ಈಗಲೂ ಉಳಿದಿದೆ. ಮುಂದೆ ಅದು ಏನೇನೋ ಆಯಿತು. ಸಿರುಗುಪ್ಪದಲ್ಲಿ ನನ್ನ ಸೋದರತ್ತೆ ಇದ್ದಾಳೆ, ತೊಂಬತ್ತರ ಹತ್ತಿರದವಳು, ಮಡಿಯಲ್ಲಿ ಕಟ್ಟಾ ನಿಷ್ಠೆ. ಶಸ್ತ್ರಚಿಕಿತ್ಸೆಯ ನಂತರ ಮೊದಲ ಬಾರಿ ಅವಳ ಮನೆಯ ಶ್ರಾದ್ಧಕ್ಕೆ ಹೋಗಬೇಕಾದಾಗ ನನಗೆ ನಿದ್ರೆ ಬರಲಿಲ್ಲ. ಬೆಳಗ್ಗೆ ಅವಳ ಹಿತ್ತಿಲಿನ ಬಚ್ಚಲಲ್ಲಿ ಜಳಕ ಮಾಡಿ, ಒಗೆದ ಪಂಚೆಯುಟ್ಟು, ಪಂಕ್ತಿಯಿಂದ ದೂರ ಕಂಬದ ಮರೆಯಲ್ಲಿ ಕೂತೆ. ಅವಳು ಬಂದು ನಿಂತಳು. ‘ಜಳಕ ಆಯಿತೇನೋ?’

‘ಆಯಿತತ್ತೆ.’

‘ಆ ಹೊಸ ಬಾಯಿಗೂ ನೀರು ಹಾಕಿದೆಯಾ?’

‘ಹಾಕಿದೆ.’

‘ಮತ್ತೆ ಇಲ್ಲೇನು ಮಾಡ್ತಿದ್ದೀ? ಎಲ್ಲರೂ ಹೊಟ್ಟೆಯೊಳಗೆ ಇಟ್ಟುಕೊಂಡೇ ಎಲೆಗೆ ಕೂತಾರೆ. ಏಳು, ಅನ್ನ ಆರ್ತದೆ.’

ಧರ್ಮಸೂಕ್ಷ್ಮವನ್ನು ಇಷ್ಟು ಹತ್ತಿರದಿಂದ ನೋಡಿದವರು ನಮ್ಮ ಪಂಡಿತರಲ್ಲಿ ಎಷ್ಟು ಮಂದಿ ಇದ್ದಾರೋ ನಾನರಿಯೆ.

ಸಿರುಗುಪ್ಪ ಎಂದರೆ ತುಂಗಭದ್ರೆ. ಅಲ್ಲಿ ಹೋಗಿ ಹೊಳೆಗಿಳಿಯದೆ ಬರುವುದು ನನಗೆ ಬಾಲ್ಯದಿಂದ ಅಭ್ಯಾಸವಿಲ್ಲ. ಹೊಳೆಯ ಜಳಕಕ್ಕೆ ಕೆಲವು ನಿಬಂಧನೆಗಳುಂಟು. ಬಿಲ್ಲೆಯನ್ನು ತೆಗೆಯಕೂಡದು, ಹರಿಯುವ ನೀರಾದರೂ ಶುದ್ಧವೆಂಬ ನೆಚ್ಚಿಕೆ ಇಲ್ಲ, ಮೇಲಾಗಿ ಅದು ನಾಲ್ಕು ಜನ ಇಳಿಯುವ ಜಾಗ. ಅಂಟಿಸಿದ ಒಂದು ಗಂಟೆಯೊಳಗೆ ನೀರಿಗಿಳಿಯಬಾರದು. ಚೀಲದ ಮೇಲ್ತುದಿಯಲ್ಲಿ ವಾಯು ಹೋಗಲೆಂದು ಇದ್ದಲಿನ ಸೋಸುಕವಿದ್ದರೆ, ಜೊತೆಗೆ ಕೊಟ್ಟ ಚೀಟಿಯನ್ನು ಅದರ ಮೇಲೆ ಅಂಟಿಸಬೇಕು, ಇಲ್ಲವಾದರೆ ಅದು ನೀರು ಕುಡಿದು ಕೆಡುತ್ತದೆ. ಚೀಲವನ್ನು ಬರಿದುಮಾಡಿಕೊಂಡಿರಬೇಕು. ನಾನು ಮೊದಲು ಮನೆಯಲ್ಲಿ ತೊಟ್ಟಿಯ ನೀರಿನಲ್ಲಿ ಅರ್ಧ ಗಂಟೆ ಕೂತು ಪರೀಕ್ಷೆ ಮಾಡಿಕೊಂಡೆ. ಬಳಿಕ ಅತ್ತೆಯ ಮೊಮ್ಮಗನ ಕೈಹಿಡಿದು, ಪಂಚೆಯನ್ನು ಎದೆಗೆ ಕಟ್ಟಿ, ಸೊಂಟದುದ್ದ ನೀರಿಗೆ ಹೋದೆ. ಬಿಲ್ಲೆ ಮಿಸುಕಲಿಲ್ಲ.

ಬಳ್ಳಾರಿಯಲ್ಲಿ ಅಂಥ ನೀರಿನ ಸಮೃದ್ಧಿಯಿಲ್ಲ. ನಮಗೆ ಬರುವುದೂ ತುಂಗಭದ್ರೆಯೇ. ಕಾಲುವೆಯಲ್ಲಿ ಹರಿದು, ಅಲ್ಲೀಪುರದ ಕೆರೆಯಲ್ಲಿ ನಿಂತು, ನಲ್ಲಿಗೆ ದಿನ ಬಿಟ್ಟು ದಿನಗಳಲ್ಲಿ ಬರುತ್ತದೆ. ಕಾಲುವೆ ನಿಂತ ಬೇಸಿಗೆಯಲ್ಲಿ ಇನ್ನೂ ದೂರದೂರ. ಬಿಲ್ಲೆ ಬದಲಿಸುವ ಬುಧವಾರ ಭಾನುವಾರಗಳಿಗೆಂದು ನಮ್ಮ ಮನೆಯಲ್ಲಿ ಒಂದು ಹಿತ್ತಾಳೆ ಕೊಡವನ್ನು ಬೇರೆ ತುಂಬಿಡುತ್ತೇವೆ. ಆ ಜಾಗಕ್ಕೆ ಬೇಕಾಗುವುದು ಎರಡು ತಂಬಿಗೆ ಮಾತ್ರ. ತೆಗೆದ ಬಿಲ್ಲೆಯನ್ನು ಬರಿದುಮಾಡಿ, ಕಾಗದದಲ್ಲಿ ಸುತ್ತಿ, ಕಸದವರಿಗೆ ಬೇರೆಯಾಗಿಯೇ ಕೊಡಬೇಕು. ಕಕ್ಕಸಿಗೆ ಹಾಕಿದರೆ ಮೋರಿ ಕಟ್ಟುತ್ತದೆ.

ಕುರುಗೋಡಿನ ಹಿರಿಯರಿಗೆ ನಾನು ಹೊಳೆಗಿಳಿದ ಸುದ್ದಿ ಮಗನಿಂದ ತಿಳಿದಿದೆ. ಕಾರ್ತಿಕದಲ್ಲಿ ತಾವೂ ಸಿರುಗುಪ್ಪಕ್ಕೆ ಬರುವುದಾಗಿ ಹೇಳಿಕಳುಹಿಸಿದ್ದಾರೆ. ನೀರು ಇಳಿಯಲಿ ಎಂದಿದ್ದೇನೆ. ಅವರ ಸೊಸೆ ಆ ದಿನಕ್ಕೆಂದು ಈಗಾಗಲೇ ಎರಡು ಬಿಲ್ಲೆಗಳನ್ನು ಬೇರೆ ತೆಗೆದಿಟ್ಟಿದ್ದಾಳಂತೆ.